ರಾವಣನ ಪಾತ್ರಧಾರಿ ನಿರ್ದೇಶಕನಾದದ್ದು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಹೋಬಳಿ ಕೇಂದ್ರ. ಈ ಭಾಗದಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ತಲೆಮಾರುಗಳಿಂದ ನಡೆದುಬಂದ ರೂಢಿ. ಆಂಧ್ರದ ಗಡಿ ಹತ್ತಿರ, ತಮಿಳುನಾಡೂ ದೂರವಿಲ್ಲ. ಆದ್ದರಿಂದ ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು ಕಡೆಯ ಪ್ರೇಕ್ಷಕನಿಗೆ ಯಾವ ಭಾಷೆಯ ಸಿನಿಮಾ ನೋಡಬೇಕೆಂಬುದು ಬರೀ ಅಭಿಮಾನದ ಪ್ರಶ್ನೆಯಲ್ಲ. ಅವನಿಗೆ ಎರಡು ಮೂರು ಭಾಷೆಗಳು ಅರ್ಥವಾಗುತ್ತವೆ. ಯಾವ ಚಿತ್ರ ಚೆನ್ನಾಗಿದೆಯೋ, ಯಾವುದು ಮೊದಲು ಬಂತೋ ಅದಕ್ಕೆ ಅವನು ಟಿಕೆಟ್ ಕೊಳ್ಳುತ್ತಾನೆ.

ಗಡಿಯ ಊರುಗಳ ಈ ಮಾತು ಒಂದು ಕಾಲದಲ್ಲಿ ಇಡೀ ಕನ್ನಡ ಚಿತ್ರರಂಗಕ್ಕೆ ಅನ್ವಯಿಸುತ್ತಿತ್ತು. ಕನ್ನಡಕ್ಕೆ ಸ್ವಂತ ಸ್ಟುಡಿಯೊ ಇರಲಿಲ್ಲ, ಬಂಡವಾಳ ಇರಲಿಲ್ಲ, ಒಂದೇ ಆಡಳಿತಕ್ಕೆ ಸೇರಿದ ನಾಡೂ ಇರಲಿಲ್ಲ. ಅಂಥ ಕಾಲದಲ್ಲಿ ಒಬ್ಬ ನಟ ನಿರ್ದೇಶಕನಾಗುವುದೆಂದರೆ ಏನು? ಕನ್ನಡದ ಮೊದಲ ವಾಕ್ಚಿತ್ರದಲ್ಲಿ ರಾವಣನ ಪಾತ್ರ ವಹಿಸಿದ್ದ ಆರ್. ನಾಗೇಂದ್ರರಾಯರ ವೃತ್ತಿಜೀವನ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅಕ್ಕಪಕ್ಕದ ಭಾಷೆಗಳೊಂದಿಗೆ ಕನ್ನಡ ಸಿನಿಮಾ ಹೇಗೆ ಬಾಳಿತು, ಹೇಗೆ ಸೆಣಸಿತು ಎಂಬ ಚರಿತ್ರೆಯೂ ಅದರಲ್ಲಿದೆ.

ಕೊಲ್ಹಾಪುರದಲ್ಲಿ ಕನ್ನಡದ ಲಂಕೆ

ನಾಗೇಂದ್ರರಾಯರು ಹುಟ್ಟಿದ್ದು 1896ರ ಜೂನ್ 23ರಂದು, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲಿ. ವೃತ್ತಿ ನಾಟಕ ಕಂಪನಿಗಳಲ್ಲಿ ಪಳಗಿದ ಅವರು 1930ರ ದಶಕದ ಆರಂಭದ ತಮಿಳು ವಾಕ್ಚಿತ್ರಗಳಲ್ಲಿ ಪಾತ್ರ ವಹಿಸಿ ಕ್ಯಾಮೆರಾದ ಪರಿಚಯ ಮಾಡಿಕೊಂಡಿದ್ದರು. ಇನ್ನೊಬ್ಬ ಹೆಸರಾಂತ ನಟ ಎಂ.ವಿ. ಸುಬ್ಬಯ್ಯನಾಯ್ಡು ಅವರೊಂದಿಗೆ ಸೇರಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ಕಟ್ಟಿದರು. ಮುಂದೆ ಒಂದೂವರೆ ದಶಕ ಈ ಜೋಡಿಯ ಹೆಸರು ಕನ್ನಡ ರಂಗಭೂಮಿಯಲ್ಲೂ ಸಿನಿಮಾದಲ್ಲೂ ಒಟ್ಟಿಗೇ ಕೇಳಿಬಂತು.

ಆಗ ಬೆಂಗಳೂರಿನಲ್ಲಿ ವ್ಯಾಪಾರ ನಡೆಸುತ್ತಿದ್ದ ಚಮನ್‌ಲಾಲ್ ಡೂಂಗಾಜಿ ಅವರು ಸೌತ್ ಇಂಡಿಯಾ ಮೂವಿಟೋನ್ ಸಂಸ್ಥೆಯ ಮೂಲಕ ಕನ್ನಡದಲ್ಲಿ ಮಾತಿನ ಚಿತ್ರ ತೆಗೆಯಲು ಮುಂದಾದರು. ಅದೇ 'ಸತಿ ಸುಲೋಚನಾ'. ಬೆಳ್ಳಾವೆ ನರಹರಿಶಾಸ್ತ್ರಿಗಳು ಸಾಹಿತ್ಯ ಒದಗಿಸಿದರು. ಸುಬ್ಬಯ್ಯನಾಯ್ಡು ಇಂದ್ರಜಿತುವಾದರು, ತ್ರಿಪುರಾಂಬ ಸುಲೋಚನೆಯಾದರು, ನಾಗೇಂದ್ರರಾಯರು ರಾವಣನಾದರು. ಸಂಗೀತದ ಹೊಣೆಯಲ್ಲೂ ನಾಗೇಂದ್ರರಾಯರ ಪಾಲಿತ್ತು.

ಮೈಸೂರು ಸಂಸ್ಥಾನದಲ್ಲಿ ತಕ್ಕ ಸ್ಟುಡಿಯೊ ಇಲ್ಲದ್ದರಿಂದ ತಂಡ ಕೊಲ್ಹಾಪುರಕ್ಕೆ ಹೋಗಬೇಕಾಯಿತು. ಅಲ್ಲಿನ ಛತ್ರಪತಿ ಸಿನಿಟೋನ್ ಸ್ಟುಡಿಯೊದಲ್ಲಿ ಲಂಕೆ ಎದ್ದಿತು. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ, ಅಂದರೆ ಹಳಬರ ಬಾಯಲ್ಲಿ ದೊಡ್ಡಣ್ಣ ಹಾಲ್‌ನಲ್ಲಿ, ಚಿತ್ರ ಬಿಡುಗಡೆಯಾಯಿತು.

ಈ ಚಿತ್ರದ ನಿರ್ದೇಶಕರು ವೈ.ವಿ. ರಾವ್. ಅವರು ಕನ್ನಡಿಗರಲ್ಲ, ನೆಲ್ಲೂರು ಕಡೆಯವರು. ಮೂಕಿ ಚಿತ್ರಗಳಲ್ಲಿ ನಟಿಸುತ್ತಲೇ ನಿರ್ದೇಶನಕ್ಕೆ ಇಳಿದವರು. 'ಸತಿ ಸುಲೋಚನಾ'ದಲ್ಲಿ ಅವರೇ ಲಕ್ಷ್ಮಣನ ವೇಷ ತೊಟ್ಟರು. ಹಾಗೆ ನೋಡಿದರೆ ಕನ್ನಡ ವಾಕ್ಚಿತ್ರದ ಮೊದಲ ನಿರ್ದೇಶಕನೇ ನಟನಾಗಿ ಬಂದವನು, ಅದೂ ತೆಲುಗು ನೆಲದಿಂದ ಬಂದವನು. ಇದೇ ವೈ.ವಿ. ರಾವ್ 1937ರಲ್ಲಿ ತಮಿಳಿನ 'ಚಿಂತಾಮಣಿ'ಯನ್ನು ನಿರ್ದೇಶಿಸಿದರು. ಅದರ ನಾಯಕಿ ಕೆ. ಅಶ್ವತ್ಥಮ್ಮ ಬೆಂಗಳೂರಿನವರು. ಆ ಕಾಲದ ದಕ್ಷಿಣದ ಸಿನಿಮಾದಲ್ಲಿ ಭಾಷೆಗಳ ನಡುವಿನ ಗೋಡೆ ಎಷ್ಟು ತೆಳುವಾಗಿತ್ತು ಎಂಬುದಕ್ಕೆ ಇಷ್ಟು ಸಾಕು.

ಕಂಪನಿ ಕಲಿಸಿದ ಪಾಠ

ಇಂದು ನಿರ್ದೇಶಕ ಎಂದರೆ ಚಿತ್ರದ ಪೂರ್ಣ ಹೊಣೆ ಹೊತ್ತವನು ಎಂಬ ಕಲ್ಪನೆ ಇದೆ. 1930ರ ದಶಕದಲ್ಲಿ ಆ ಹುದ್ದೆಗೆ ಅಷ್ಟು ಸ್ಪಷ್ಟ ರೂಪ ಇರಲಿಲ್ಲ. ಕಥೆ, ಮಾತು, ಹಾಡು, ಪಾತ್ರ ಹಂಚಿಕೆ, ವೇಷಭೂಷಣ ಎಲ್ಲವೂ ನಾಟಕ ಕಂಪನಿಯಿಂದಲೇ ಸಿದ್ಧವಾಗಿ ಬರುತ್ತಿದ್ದವು. ರಂಗದ ಮೇಲೆ ನೂರಾರು ಬಾರಿ ಆಡಿ ಗೆದ್ದ ನಾಟಕಗಳನ್ನೇ ಹಣ ಹೂಡುವವರು ಆರಿಸಿಕೊಳ್ಳುತ್ತಿದ್ದರು. ಕ್ಯಾಮೆರಾ, ಬೆಳಕು, ಧ್ವನಿಗ್ರಹಣ ಬಲ್ಲವರು ಮುಂಬೈ, ಕೊಲ್ಹಾಪುರ, ಮದರಾಸಿನವರು. ಅವರಿಗೆ ಕನ್ನಡ ಬಾರದು. ಕಂಪನಿಯವರಿಗೆ ಯಂತ್ರದ ವಿದ್ಯೆ ಬಾರದು.

ಈ ಎರಡರ ನಡುವೆ ಸೇತುವೆಯಾಗುವ ವ್ಯಕ್ತಿ ಬೇಕಿತ್ತು. ರಾತ್ರಿಯೆಲ್ಲ ನಡೆಯುವ ನಾಟಕವನ್ನು ಮೂರು ಗಂಟೆಯ ಚಿತ್ರಕ್ಕೆ ಇಳಿಸಬೇಕು. ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳುವಂತೆ ಕಂಠ ಎತ್ತಿ ಅಭ್ಯಾಸವಾದ ನಟರಿಗೆ ಮೈಕಿನ ಮುಂದೆ ದನಿ ತಗ್ಗಿಸಲು ಹೇಳಿಕೊಡಬೇಕು. ಹಿನ್ನೆಲೆ ಗಾಯನ ಇನ್ನೂ ರೂಢಿಗೆ ಬಾರದ ಕಾಲ. ಪಾತ್ರಧಾರಿಗಳೇ ಕ್ಯಾಮೆರಾದ ಎದುರು ಹಾಡಬೇಕು, ಪಕ್ಕವಾದ್ಯದವರು ಕಣ್ಣಿಗೆ ಬೀಳದಂತೆ ಹತ್ತಿರದಲ್ಲೇ ಕೂರಬೇಕು. ಹಾಡಿನ ನಡುವೆ ಒಬ್ಬರು ತಪ್ಪಿದರೂ ಫಿಲಂ ವ್ಯರ್ಥ. ನಟನೆ, ಸಂಗೀತ, ಕಂಪನಿಯ ಆಡಳಿತ ಮೂರನ್ನೂ ಬಲ್ಲವರಿಗೆ ಮಾತ್ರ ಇದು ಸಾಧ್ಯವಿತ್ತು. ನಾಗೇಂದ್ರರಾಯರಲ್ಲಿ ಈ ಮೂರೂ ಇದ್ದವು.

ಕನ್ನಡದ ನಾಟಕ, ತೆಲುಗಿನ ಸಿನಿಮಾ

'ಸತಿ ಸುಲೋಚನಾ' ಮತ್ತು ಅದೇ ವರ್ಷದ 'ಭಕ್ತ ಧ್ರುವ' ಬಂದ ಮೇಲೂ ಕನ್ನಡ ಚಿತ್ರ ತಯಾರಿಕೆ ವೇಗ ಪಡೆಯಲಿಲ್ಲ. ವರ್ಷಕ್ಕೆ ಒಂದೋ ಎರಡೋ ಚಿತ್ರ. ಕೆಲವು ವರ್ಷ ಅದೂ ಇಲ್ಲ. ಕಾರಣ ಸರಳ. ಕನ್ನಡ ಮಾತನಾಡುವವರು ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದ್ ಸಂಸ್ಥಾನ ಮತ್ತು ಕೊಡಗುಗಳಲ್ಲಿ ಹಂಚಿಹೋಗಿದ್ದರು. ಬಳ್ಳಾರಿಯಲ್ಲಿ ತೆಲುಗು, ಬೆಳಗಾವಿ, ಧಾರವಾಡದ ಕಡೆ ಮರಾಠಿ ಮತ್ತು ಹಿಂದಿ, ಬೆಂಗಳೂರು, ಕೋಲಾರದ ಕಡೆ ತಮಿಳು ಮತ್ತು ತೆಲುಗು ಚಿತ್ರಗಳ ಪೈಪೋಟಿ. ಕನ್ನಡಕ್ಕೆಂದೇ ಹಣ ಹಾಕಿದವನಿಗೆ ಅದು ಮರಳಿ ಬರುವ ಭರವಸೆ ಇರಲಿಲ್ಲ.

ಇದರ ಪರಿಣಾಮ 1940ರಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ಸಾಹಿತ್ಯ ಸಾಮ್ರಾಜ್ಯ ಮಂಡಳಿಯ 'ಭೂಕೈಲಾಸ' ಕನ್ನಡದಲ್ಲಿ ಜನಪ್ರಿಯ ನಾಟಕ. ಆ ನಾಟಕದ ಬಲವನ್ನು ಕಂಡ ಎ.ವಿ. ಮೇಯಪ್ಪನ್ ಅದನ್ನು ಚಿತ್ರ ಮಾಡಲು ನಿರ್ಧರಿಸಿದರು. ಆದರೆ ಮಾಡಿದ್ದು ತೆಲುಗಿನಲ್ಲಿ. ಸುಂದರರಾವ್ ನಾಡಕರ್ಣಿ ನಿರ್ದೇಶಿಸಿದ ಆ ಚಿತ್ರದಲ್ಲಿ ಸುಬ್ಬಯ್ಯನಾಯ್ಡು ರಾವಣ, ನಾಗೇಂದ್ರರಾಯರು ನಾರದ, ಲಕ್ಷ್ಮೀಬಾಯಿ ಮಂಡೋದರಿ. ನಾಟಕ ಕನ್ನಡದ್ದು, ಮುಖ್ಯ ಕಲಾವಿದರು ಕನ್ನಡದವರು, ಗೆದ್ದದ್ದು ತೆಲುಗು ಚಿತ್ರ. 'ಭೂಕೈಲಾಸ' ಕನ್ನಡ ಚಿತ್ರವಾಗಿ ತೆರೆಗೆ ಬರಲು 1958ರವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ರಾವಣನ ಪಾತ್ರಕ್ಕೆ ರಾಜ್‌ಕುಮಾರ್ ಬಂದಿದ್ದರು. ಆಗಲೂ ಅದು ತೆಲುಗು ಚಿತ್ರದ ಜೊತೆಜೊತೆಯಲ್ಲೇ ತಯಾರಾಯಿತು.

ಮರುವರ್ಷ, 1941ರಲ್ಲಿ, ಇದೇ ತಂಡ ಮೇಯಪ್ಪನ್ ಅವರೊಂದಿಗೆ ಸೇರಿ ಕನ್ನಡದಲ್ಲೇ 'ವಸಂತಸೇನಾ' ತಯಾರಿಸಿತು. ನಿರ್ದೇಶಕರು ರಾಮಯ್ಯರ್ ಶಿರೂರ್. ಸುಬ್ಬಯ್ಯನಾಯ್ಡು ಚಾರುದತ್ತ, ನಾಗೇಂದ್ರರಾಯರು ಶಕಾರ. ಚಿತ್ರ ಯಶಸ್ವಿಯಾಯಿತು. ಕನ್ನಡದಲ್ಲೂ ಹಣ ಮರಳುತ್ತದೆ ಎಂಬ ನಂಬಿಕೆಗೆ ಇದು ಆಧಾರವಾಯಿತು.

ನಿರ್ದೇಶಕನಾದ ಮೇಲೆ

1943ರ 'ಸತ್ಯ ಹರಿಶ್ಚಂದ್ರ' ಚಿತ್ರದೊಂದಿಗೆ ನಾಗೇಂದ್ರರಾಯರು ನಿರ್ದೇಶಕರಾದರು. ಆಗ ಅವರಿಗೆ ಸುಮಾರು 47 ವರ್ಷ. ಮತ್ತೆ ಮೇಯಪ್ಪನ್ ಅವರ ಸಂಸ್ಥೆ, ಮತ್ತೆ ಸುಬ್ಬಯ್ಯನಾಯ್ಡು ಮತ್ತು ಲಕ್ಷ್ಮೀಬಾಯಿ. ಹೊಸಬರಲ್ಲಿ ಹೊಸ ಪ್ರಯೋಗ ನಡೆಸುವ ಅವಕಾಶ ಅಲ್ಲಿರಲಿಲ್ಲ. ತನ್ನದೇ ಕಂಪನಿಯ ನಟರನ್ನು, ತಾನು ಚೆನ್ನಾಗಿ ಬಲ್ಲ ಕಥೆಯಲ್ಲಿ ನಡೆಸುವುದೇ ಕೆಲಸ. ಆದರೂ ಒಂದು ದೊಡ್ಡ ಬದಲಾವಣೆ ಆಗಿತ್ತು. ನಟರ ಭಾಷೆಯನ್ನೂ ಪ್ರೇಕ್ಷಕರ ಭಾಷೆಯನ್ನೂ ಬಲ್ಲವರ ಕೈಗೆ ನಿರ್ದೇಶನ ಬಂದಿತ್ತು.

ಈ ಚಿತ್ರಕ್ಕೆ ಚರಿತ್ರೆಯಲ್ಲಿ ಇನ್ನೊಂದು ಕಾರಣದಿಂದ ಸ್ಥಾನವಿದೆ. ಅದು ಎರಡನೇ ಮಹಾಯುದ್ಧದ ಕಾಲ. ಹೊರದೇಶಗಳಿಂದ ಬರಬೇಕಾದ ಕಚ್ಚಾ ಫಿಲಂ ದುರ್ಲಭವಾಗಿತ್ತು. ಸರ್ಕಾರ ಚಿತ್ರಗಳ ಉದ್ದವನ್ನು 11,000 ಅಡಿಗೆ ಮಿತಿಗೊಳಿಸಿತ್ತು. ಒಂದೇ ಕಥೆಯನ್ನು ಇನ್ನೊಂದು ಭಾಷೆಯಲ್ಲಿ ಮೊದಲಿನಿಂದ ಚಿತ್ರೀಕರಿಸುವುದು ದುಬಾರಿ. ಆಗ ಮೇಯಪ್ಪನ್ ಕನ್ನಡದ 'ಹರಿಶ್ಚಂದ್ರ'ನ ಚಿತ್ರವನ್ನು ಹಾಗೆಯೇ ಇಟ್ಟುಕೊಂಡು, ತುಟಿಯ ಚಲನೆಗೆ ಹೊಂದುವಂತೆ ತಮಿಳು ಮಾತುಗಳನ್ನು ಧ್ವನಿಮುದ್ರಿಸಿ 1944ರಲ್ಲಿ ಬಿಡುಗಡೆ ಮಾಡಿದರು. ದಕ್ಷಿಣ ಭಾರತದಲ್ಲಿ ಡಬ್ಬಿಂಗ್ ಎಂಬ ವಿಧಾನಕ್ಕೆ ಇದು ನಾಂದಿ ಎಂದು ಚಿತ್ರ ಚರಿತ್ರೆಕಾರರು ಗುರುತಿಸುತ್ತಾರೆ. ಡಬ್ಬಿಂಗ್ ಎಂದರೆ ಹೊರಗಿನ ಭಾಷೆಗಳ ಚಿತ್ರ ಕನ್ನಡಕ್ಕೆ ನುಗ್ಗುವುದು ಎಂದೇ ಬಹುಕಾಲ ಚರ್ಚೆ ನಡೆದ ನಾಡಿನಿಂದ, ಆ ದಾರಿಯಲ್ಲಿ ಮೊದಲು ಹೊರಗೆ ಹೋದದ್ದು ಕನ್ನಡದ ಚಿತ್ರ.

1947ರಲ್ಲಿ ನಾಗೇಂದ್ರರಾಯರು 'ಮಹಾತ್ಮ ಕಬೀರ್' ನಿರ್ದೇಶಿಸಿದರು. ಸುಬ್ಬಯ್ಯನಾಯ್ಡು ಕಬೀರನಾದರು. ದೇಶ ಸ್ವತಂತ್ರವಾದ, ಜೊತೆಗೇ ಹಿಂದೂ ಮುಸ್ಲಿಂ ಗಲಭೆಗಳಲ್ಲಿ ಬೆಂದ ವರ್ಷ ಅದು. ಎರಡೂ ಸಮುದಾಯಗಳು ತಮ್ಮವನೆಂದು ಹೇಳಿಕೊಂಡ ಸಂತನ ಕಥೆ ಆ ವರ್ಷ ಕನ್ನಡದಲ್ಲಿ ತೆರೆಗೆ ಬಂದದ್ದು ನೆನಪಿಡಬೇಕಾದ ಸಂಗತಿ.

ಒಂದು ಸೆಟ್, ಮೂರು ಭಾಷೆ

ಈ ಹಂತದ ನಂತರ ಗೆಳೆಯರ ದಾರಿಗಳು ಬೇರೆಯಾದವು. ನಾಗೇಂದ್ರರಾಯರು ಆರ್.ಎನ್.ಆರ್. ಪಿಕ್ಚರ್ಸ್ ಎಂಬ ಸ್ವಂತ ಸಂಸ್ಥೆಯನ್ನು ಆರಂಭಿಸಿದರು. 1953ರಲ್ಲಿ ಬಂದ 'ಜಾತಕಫಲ' ಪುರಾಣವನ್ನು ಬಿಟ್ಟು, ಜ್ಯೋತಿಷ್ಯದ ಮೇಲಿನ ನಂಬಿಕೆಯನ್ನು ವಸ್ತುವಾಗಿ ಆರಿಸಿಕೊಂಡಿತು. ಕಿರೀಟ, ಗದೆಗಳ ಲೋಕದಿಂದ ಬಂದ ರಂಗನಟ ಸಾಮಾಜಿಕ ಚಿತ್ರದ ಕಡೆ ಹೊರಳಿದ್ದು ಇಲ್ಲಿ.

'ಜಾತಕಫಲ' ಕನ್ನಡದ ಜೊತೆಗೆ ತಮಿಳು ಮತ್ತು ತೆಲುಗಿನಲ್ಲೂ ತಯಾರಾಯಿತು. ನಾಲ್ಕು ವರ್ಷಗಳ ನಂತರದ 'ಪ್ರೇಮದ ಪುತ್ರಿ'ಯೂ ಹಾಗೆಯೇ. ತಮಿಳಿನಲ್ಲಿ ಅದು 'ಅನ್ಬೇ ದೈವಂ', ತೆಲುಗಿನಲ್ಲಿ 'ಪ್ರೇಮೇ ದೈವಂ'.

ಹೀಗೆ ಮಾಡುವುದರ ಲೆಕ್ಕಾಚಾರ ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಸ್ಟುಡಿಯೊ ಬಾಡಿಗೆ, ಸೆಟ್, ವೇಷಭೂಷಣ, ತಂತ್ರಜ್ಞರ ಸಂಬಳ ಇವೆಲ್ಲ ದೊಡ್ಡ ಖರ್ಚು. ಒಂದು ದೃಶ್ಯಕ್ಕೆ ದೀಪಗಳನ್ನು ಜೋಡಿಸಿದ ಮೇಲೆ ಅದೇ ಜಾಗದಲ್ಲಿ ಮೊದಲು ಒಂದು ಭಾಷೆಯಲ್ಲಿ, ಆಮೇಲೆ ಇನ್ನೊಂದರಲ್ಲಿ ಚಿತ್ರೀಕರಿಸಿದರೆ ಆ ಖರ್ಚು ಹಂಚಿಹೋಗುತ್ತದೆ. ಕನ್ನಡದ ಗಳಿಕೆ ಸಾಲದೆ ಹೋದರೆ ತಮಿಳು ಅಥವಾ ತೆಲುಗು ಅದನ್ನು ತುಂಬಿಕೊಡಬಹುದು. ಯಲ್ದೂರಿನ ಪ್ರೇಕ್ಷಕನ ನಾಲಗೆಯ ಮೇಲೆ ಎರಡು ಭಾಷೆ ಇದ್ದಂತೆ, ಆ ಕಾಲದ ಕನ್ನಡ ನಿರ್ದೇಶಕನ ಲೆಕ್ಕದ ಪುಸ್ತಕದಲ್ಲಿ ಮೂರು ಭಾಷೆಗಳಿದ್ದವು.

ಇದನ್ನು ಕನ್ನಡದ ದೌರ್ಬಲ್ಯವೆಂದು ಕರೆಯುವವರಿದ್ದಾರೆ. ಆದರೆ ಹೀಗೆ ತಯಾರಾದ 'ಪ್ರೇಮದ ಪುತ್ರಿ' 1957ರ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಕನ್ನಡ ಚಿತ್ರಕ್ಕೆ ಮೀಸಲಾದ ರಾಷ್ಟ್ರಪತಿಗಳ ಬೆಳ್ಳಿ ಪದಕ ಪಡೆಯಿತು. ಮೂರು ಭಾಷೆಗೆ ಹಂಚಿದ ಮಾತ್ರಕ್ಕೆ ಕನ್ನಡದ ರೂಪ ಸೊರಗಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಮನೆಯೇ ಚಿತ್ರತಂಡ

ನಾಟಕ ಕಂಪನಿಗಳಲ್ಲಿ ವಿದ್ಯೆ ಮನೆಯಿಂದ ಮನೆಗೆ, ತಂದೆಯಿಂದ ಮಕ್ಕಳಿಗೆ ಹರಿಯುತ್ತಿತ್ತು. ನಾಗೇಂದ್ರರಾಯರ ವಿಷಯದಲ್ಲಿ ಸಿನಿಮಾದಲ್ಲೂ ಅದು ಮುಂದುವರಿಯಿತು. ಮಗ ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಾಹಕರಾದರು. ಇನ್ನೊಬ್ಬ ಮಗ ಆರ್.ಎನ್. ಜಯಗೋಪಾಲ್ ಕನ್ನಡದ ಪ್ರಮುಖ ಚಿತ್ರಗೀತೆ ರಚನಕಾರರಲ್ಲಿ ಒಬ್ಬರಾದರು. 1961ರ 'ವಿಜಯನಗರದ ವೀರಪುತ್ರ' ಚಿತ್ರದಲ್ಲಿ ಮತ್ತೊಬ್ಬ ಮಗ ಆರ್.ಎನ್. ಸುದರ್ಶನ್ ನಾಯಕನಟನಾಗಿ ಪರಿಚಯವಾದರು. ತಂದೆಯ ನಿರ್ದೇಶನ, ಒಬ್ಬ ಮಗನ ಕ್ಯಾಮೆರಾ, ಒಬ್ಬನ ಸಾಹಿತ್ಯ, ಒಬ್ಬನ ನಟನೆ. ಕೊಲ್ಹಾಪುರದಲ್ಲಿ ಪರಭಾಷೆಯ ತಂತ್ರಜ್ಞರನ್ನು ನೆಚ್ಚಿಕೊಂಡು ಆರಂಭವಾದ ಪಯಣ ಸುಮಾರು 27 ವರ್ಷಗಳಲ್ಲಿ ಇಲ್ಲಿಗೆ ಬಂದಿತ್ತು.

ನಿರ್ದೇಶಕರಾದ ಮೇಲೆಯೂ ನಾಗೇಂದ್ರರಾಯರು ಬಣ್ಣ ಹಚ್ಚುವುದನ್ನು ಬಿಡಲಿಲ್ಲ. ಎಂ.ಆರ್. ವಿಠಲ್ ನಿರ್ದೇಶಿಸಿದ, ತ್ರಿವೇಣಿಯವರ ಕಾದಂಬರಿ ಆಧರಿಸಿದ 'ಹಣ್ಣೆಲೆ ಚಿಗುರಿದಾಗ' ಚಿತ್ರದ ಹಿರಿಯನ ಪಾತ್ರ ಅವರ ಮುಪ್ಪಿನ ಕಾಲದ ಮುಖ್ಯ ಪಾತ್ರಗಳಲ್ಲೊಂದು. ರಾವಣನಾಗಿ ಆರ್ಭಟಿಸಿದ್ದ ನಟ ಇಲ್ಲಿ ತಗ್ಗಿದ ದನಿಯಲ್ಲಿ ಮಾತನಾಡಿದರು. 1969ರಲ್ಲಿ ಅವರು ನಿರ್ದೇಶಿಸಿದ 'ನಮ್ಮ ಮಕ್ಕಳು' ಬಂತು. 1977ರ ಫೆಬ್ರುವರಿ 9ರಂದು ಅವರು ತೀರಿಕೊಂಡರು.

ಬಾಗಿಲು ಮುಚ್ಚಿದ್ದು, ತೆರೆದದ್ದು

ಈ ನಡುವೆ ಕನ್ನಡದ ಪರಿಸ್ಥಿತಿ ಬದಲಾಗಿತ್ತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. ನೆರೆಭಾಷೆಗಳ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದರಿಂದ ಇಲ್ಲಿನ ಕಲಾವಿದರು, ತಂತ್ರಜ್ಞರು ಬೀದಿಗೆ ಬೀಳುತ್ತಾರೆ ಎಂಬ ಕೂಗು 1960ರ ದಶಕದಲ್ಲಿ ಬಲವಾಯಿತು. ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರಂಥ ಕನ್ನಡಪರ ಹೋರಾಟಗಾರರು ಮುಂದೆ ನಿಂತರು. ಡಬ್ಬಿಂಗ್ ನಿಂತಿತು. ಅದೇ ದಶಕದಲ್ಲಿ ರಾಜ್ಯದೊಳಗೆ ತಯಾರಾಗುವ ಚಿತ್ರಗಳಿಗೆ ಸರ್ಕಾರದ ಸಹಾಯಧನ ಬಂತು. ಮದರಾಸಿನಲ್ಲಿ ನೆಲೆಸಿದ್ದ ಉದ್ಯಮ ನಿಧಾನವಾಗಿ ಬೆಂಗಳೂರಿಗೆ ಮರಳಿತು.

ಈ ರಕ್ಷಣೆಯ ನೆರಳಿನಲ್ಲಿ ನಟನಾಗಿದ್ದು ನಿರ್ದೇಶಕನಾಗುವುದು ಬೇರೆಯೇ ಅರ್ಥ ಪಡೆಯಿತು. ಕೋಲಾರದವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ 'ಕಾಕನಕೋಟೆ' ನಾಟಕವನ್ನು ರಂಗನಟ ಸಿ.ಆರ್. ಸಿಂಹ 1977ರಲ್ಲಿ ಚಿತ್ರವಾಗಿ ನಿರ್ದೇಶಿಸಿದರು. ಅದರಲ್ಲಿ ಪ್ರಧಾನ ಪಾತ್ರ ವಹಿಸಿದ ಲೋಕೇಶ್ ಬೇರೆ ಯಾರೂ ಅಲ್ಲ, 'ಸತಿ ಸುಲೋಚನಾ'ದ ಇಂದ್ರಜಿತು ಸುಬ್ಬಯ್ಯನಾಯ್ಡು ಅವರ ಮಗ. ಲೋಕೇಶ್ ಮುಂದೆ ಶ್ರೀಕೃಷ್ಣ ಆಲನಹಳ್ಳಿಯವರ 'ಭುಜಂಗಯ್ಯನ ದಶಾವತಾರ'ವನ್ನು ತಾವೇ ನಿರ್ದೇಶಿಸಿದರು. 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದಿಂದ ನಟನಾಗಿ ಬಂದ ಶಂಕರ್‌ನಾಗ್ ಎರಡೇ ವರ್ಷದಲ್ಲಿ 'ಮಿಂಚಿನ ಓಟ' ನಿರ್ದೇಶಿಸಿದರು. ಇವರಿಗೆ ನೆರೆಭಾಷೆಯ ಆದಾಯದ ಊರುಗೋಲು ಬೇಕಿರಲಿಲ್ಲ. ಕನ್ನಡ ಸಾಹಿತ್ಯ, ಕನ್ನಡ ರಂಗಭೂಮಿ, ಕನ್ನಡ ಪ್ರೇಕ್ಷಕ ಮೂರೂ ಕೈಗೆಟುಕುವಂತಿದ್ದವು.

ಹಾಗೆಂದು ಹಳೆಯ ವಿಧಾನ ಪೂರ್ತಿ ಅಳಿಯಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ನಿರ್ದೇಶಿಸಿದ ವೈ.ವಿ. ರಾವ್ ಅವರ ಮಗಳೇ ನಟಿ ಲಕ್ಷ್ಮಿ. ಅವರು 1980ರಲ್ಲಿ ಕನ್ನಡದಲ್ಲಿ 'ಮಕ್ಕಳ ಸೈನ್ಯ' ನಿರ್ದೇಶಿಸಿದಾಗ ಅದೇ ಕಥೆ ತಮಿಳಿನಲ್ಲೂ ತಯಾರಾಯಿತು.

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಆದೇಶ ನೀಡಿತು. ಕನ್ನಡ ಚಿತ್ರರಂಗದಲ್ಲಿ ಆತಂಕ ಎದ್ದಿತು. ಆ ಆತಂಕದಲ್ಲಿ ಅರ್ಥವಿತ್ತು. ಸಣ್ಣ ಮಾರುಕಟ್ಟೆಯ ಭಾಷೆಗೆ ದೊಡ್ಡ ಬಂಡವಾಳದ ಚಿತ್ರಗಳ ಎದುರು ನಿಲ್ಲುವುದು ಸುಲಭವಲ್ಲ. ಆದರೆ ತೆರೆದ ಬಾಗಿಲಿನಿಂದ ಹೊರಗೂ ಹೋಗಬಹುದು ಎಂಬುದು ಮೂರೇ ವರ್ಷಗಳಲ್ಲಿ ಕಂಡಿತು. 2018ರ ಡಿಸೆಂಬರ್‌ನಲ್ಲಿ ಕೋಲಾರದ ಚಿನ್ನದ ಗಣಿಯನ್ನು ಕಥೆಯ ನೆಲೆಯಾಗಿಸಿಕೊಂಡ 'ಕೆ.ಜಿ.ಎಫ್.' ಕನ್ನಡದ ಜೊತೆಗೆ ಹಿಂದಿ, ತೆಲುಗು, ತಮಿಳು, ಮಲಯಾಳಂಗಳಲ್ಲಿ ಬಿಡುಗಡೆಯಾಗಿ ಗೆದ್ದಿತು. 2022ರಲ್ಲಿ ರಿಷಬ್ ಶೆಟ್ಟಿ ತಾವೇ ನಟಿಸಿ ನಿರ್ದೇಶಿಸಿದ 'ಕಾಂತಾರ' ಕರಾವಳಿಯ ದೈವಾರಾಧನೆಯ ಕಥೆಯನ್ನು ಅದೇ ರೀತಿ ನೆರೆಭಾಷೆಗಳಿಗೆ ಕೊಂಡೊಯ್ದಿತು.

ಇದನ್ನು ಕನ್ನಡ ಸಿನಿಮಾ ಮೊದಲ ಬಾರಿ ಗಡಿ ದಾಟಿದ್ದೆಂದು ಬಣ್ಣಿಸುವುದು ಸಾಮಾನ್ಯ. ನಾಗೇಂದ್ರರಾಯರ ಚಿತ್ರಗಳ ಪಟ್ಟಿ ಬೇರೆ ಮಾತು ಹೇಳುತ್ತದೆ. ಗಡಿ ದಾಟಿದ್ದು 1944ರಲ್ಲೇ. ವ್ಯತ್ಯಾಸವಿರುವುದು ದಾಟಿದ ರೀತಿಯಲ್ಲಿ. ಅಂದು ಸ್ಟುಡಿಯೊ, ಬಂಡವಾಳ, ಮಾರುಕಟ್ಟೆ ಮೂರಕ್ಕೂ ಕನ್ನಡ ಇತರರನ್ನು ಅವಲಂಬಿಸಿತ್ತು. ಇಂದು ಇಲ್ಲಿನ ಸಂಸ್ಥೆಗಳೇ ಬಂಡವಾಳ ಹಾಕಿ ಹೊರಗೆ ಕಳಿಸುತ್ತಿವೆ.

'ಸತಿ ಸುಲೋಚನಾ' ತೆರೆಕಂಡ ಮಾರ್ಚ್ 3ನ್ನು ಈಗ ಕನ್ನಡ ಸಿನಿಮಾ ದಿನವೆಂದು ಗುರುತಿಸಲಾಗುತ್ತಿದೆ. ಆದರೆ ಆ ಚಿತ್ರದ ಪ್ರತಿ ಉಳಿದಿಲ್ಲ. ನಾಗೇಂದ್ರರಾಯರ ರಾವಣ ಹೇಗಿದ್ದ ಎಂಬುದನ್ನು ಇಂದಿನವರು ನೋಡುವಂತಿಲ್ಲ. ಅವರ ನಂತರದ ಚಿತ್ರಗಳಲ್ಲಿ ದೊರೆಯುವಷ್ಟನ್ನಾದರೂ, ಕನ್ನಡದ್ದಾಗಲಿ ತಮಿಳು, ತೆಲುಗಿನದ್ದಾಗಲಿ, ಹುಡುಕಿ ಕಾಪಾಡುವುದು ಆ ದಿನಾಚರಣೆಯ ಭಾಗವಾಗಬೇಕು. ಒಂದು ಭಾಷೆಯ ಪ್ರತಿ ಇಲ್ಲಿ ಕಳೆದುಹೋಗಿದ್ದರೆ ಅದೇ ಚಿತ್ರದ ಇನ್ನೊಂದು ಭಾಷೆಯ ಪ್ರತಿ ಗಡಿಯಾಚೆ ಉಳಿದಿರುವ ಸಾಧ್ಯತೆ ಉಂಟು.